ಹಲ್ಲಿಗೆ ಬೇಕು ಬಿಡುವು

ಓದು ಶುರುಮಾಡುವ ಮೊದಲು ಒಂದು ಸಣ್ಣ ಕೆಲಸ. ಒಂದನೇ ತರಗತಿಯಲ್ಲಿ ಕಲಿತ ವರ್ಣಮಾಲೆಯನ್ನು ನಿಧಾನವಾಗಿ, ಬಾಯಿಬಿಟ್ಟು ಒಮ್ಮೆ ಹೇಳಿ. ಅ, ಆ, ಇ, ಈ ಎನ್ನುವಾಗ ಬಾಯಿ ತೆರೆದೇ ಇರುತ್ತದೆ. ಕ, ಖ, ಗ ಬಂದಾಗ ನಾಲಿಗೆಯ ಬುಡ ಗಂಟಲ ಕಡೆ ಏಳುತ್ತದೆ. ತ, ಥ, ದ, ಧ, ನ ಇವೈದನ್ನು ವ್ಯಾಕರಣದ ಮೇಷ್ಟ್ರು ದಂತ್ಯ ಎಂದು ಹೇಳಿಕೊಟ್ಟಿದ್ದರು, ಹಲ್ಲಿನ ಅಕ್ಷರಗಳು. ಅಲ್ಲಿಯೂ ಮೇಲಿನ ಹಲ್ಲಿಗೆ ತಾಗುವುದು ನಾಲಿಗೆಯ ತುದಿ, ಕೆಳಗಿನ ಹಲ್ಲು ತಾಗುವುದಿಲ್ಲ. ಪ, ಬ, ಮ ಹೇಳುವಾಗ ತುಟಿಗಳು ಕೂಡುತ್ತವೆ, ಒಳಗೆ ಹಲ್ಲುಗಳು ದೂರವೇ ಉಳಿಯುತ್ತವೆ. ಶ, ಸ ಬಂದಾಗ ಎರಡು ಸಾಲುಗಳೂ ತೀರಾ ಹತ್ತಿರ ಸರಿಯುತ್ತವೆ, ಆದರೂ ಗಾಳಿ ನುಸುಳುವಷ್ಟು ಸಂದು ಬಿಟ್ಟುಕೊಂಡೇ ನಿಲ್ಲುತ್ತವೆ. ಳ ತನಕ ಹೋಗಿ ಬನ್ನಿ. ಮೇಲಿನ ಸಾಲು ಕೆಳಗಿನ ಸಾಲನ್ನು ಒಮ್ಮೆಯೂ ಮುಟ್ಟಬೇಕಾಗಿ ಬರುವುದಿಲ್ಲ.

ನಾನು ದಂತವೈದ್ಯ. ಎಳೆಯ ವಿದ್ಯಾರ್ಥಿಗಳಿಗೆ ಪಾಠವನ್ನೂ ಹೇಳುತ್ತೇನೆ. ಹಲ್ಲು ಕಡಿಯುವ ತೊಂದರೆಯ ಪಾಠವನ್ನು ಈ ವರ್ಣಮಾಲೆಯಿಂದಲೇ ಆರಂಭಿಸುತ್ತೇನೆ. ಯಾಕೆಂದರೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಅಲ್ಲಿದೆ: ಮೇಲಿನ ಹಲ್ಲು, ಕೆಳಗಿನ ಹಲ್ಲು ಹೆಚ್ಚಿನ ಹೊತ್ತು ದೂರ ಇರಬೇಕಾದವು. ತುಟಿ ಮುಚ್ಚಿ ಆರಾಮವಾಗಿ ಕೂತಾಗ ಎರಡು ಸಾಲುಗಳ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರುವುದು ಸಹಜ. ಊಟ ತಿಂಡಿ ಅಗಿಯುವಾಗ, ಉಗುಳು ನುಂಗುವಾಗ ಕ್ಷಣಮಾತ್ರ ತಾಗಿ ಬಿಡುತ್ತವೆ. ಅದನ್ನೆಲ್ಲ ಕೂಡಿಸಿದರೂ 24 ಗಂಟೆಯಲ್ಲಿ ಹಲ್ಲಿಗೆ ಹಲ್ಲು ತಾಗುವ ಹೊತ್ತು ಸುಮಾರು 20 ನಿಮಿಷ. ಉಳಿದದ್ದೆಲ್ಲ ಬಿಡುವು. ಕನ್ನಡದಲ್ಲಿ ಬಿಡುವು ಎಂದರೆ ನಡುವಿನ ಜಾಗವೂ ಹೌದು, ದುಡಿಮೆಯ ನಡುವಿನ ವಿಶ್ರಾಂತಿಯೂ ಹೌದು. ಹಲ್ಲಿನ ಪಾಲಿಗೆ ಎರಡೂ ಒಂದೇ.

ಈಗ ಗಮನಿಸಿ ಹೇಳಿ. ಈ ಸಾಲುಗಳನ್ನು ಓದುತ್ತಿದ್ದಾಗ ನಿಮ್ಮ ಹಲ್ಲುಗಳು ಬಿಟ್ಟಿದ್ದವೋ, ಕಚ್ಚಿದ್ದವೋ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ನಾಲ್ಕಾರು ಮಂದಿ ತಟ್ಟನೆ ದವಡೆ ಸಡಿಲಿಸುವುದು ಕಾಣುತ್ತದೆ. ಕಚ್ಚಿಕೊಂಡಿದ್ದೆವೆಂಬುದು ಅವರಿಗೆ ಆ ಕ್ಷಣದವರೆಗೂ ಗೊತ್ತಿರುವುದಿಲ್ಲ.

ಕಡಿಯುವುದು, ಕಚ್ಚುವುದು

ನಮ್ಮ ಮಾತಿನಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪದಗಳಿವೆ. ಹಲ್ಲು ಕಡಿಯುವುದು ಅಥವಾ ಮಸೆಯುವುದು ಒಂದು. ಕೆಳದವಡೆ ಅತ್ತಿತ್ತ ಸರಿದಾಡಿ ಹಲ್ಲಿಗೆ ಹಲ್ಲು ಉಜ್ಜುತ್ತದೆ, ಕರಕರ ಸದ್ದು ಬರುತ್ತದೆ. ಅವುಡುಗಚ್ಚುವುದು ಇನ್ನೊಂದು. ಇಲ್ಲಿ ಸದ್ದಿಲ್ಲ, ಚಲನೆಯಿಲ್ಲ, ದವಡೆ ಬಿಗಿದು ನಿಂತಿರುತ್ತದೆ. ಅವುಡುಗಚ್ಚಿ ಸಹಿಸಿದೆ, ಅವುಡುಗಚ್ಚಿ ದುಡಿದೆ ಎಂದು ಹೇಳುವಾಗ ನಾವು ಮನಸ್ಸಿನ ಗಟ್ಟಿತನವನ್ನು ಹೊಗಳುತ್ತಿರುತ್ತೇವೆ. ಆ ಹೊಗಳಿಕೆಯ ಭಾರವನ್ನು ಹೊತ್ತದ್ದು ಮಾತ್ರ ದವಡೆ.

ವೈದ್ಯರು ಎರಡಕ್ಕೂ ಸೇರಿಸಿ ಬ್ರಕ್ಸಿಸಂ ಎನ್ನುತ್ತಾರೆ. ಹಲ್ಲು ಕಡಿಯುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು. 1907ರಲ್ಲಿ ಫ್ರೆಂಚ್ ಲೇಖನವೊಂದು ಇದನ್ನು ಬ್ರಕ್ಸೊಮೇನಿ ಎಂದು ಕರೆದಿತ್ತು, ಅಂದರೆ ಹಲ್ಲು ಕಡಿಯುವ ಹುಚ್ಚು. 1931ರಲ್ಲಿ ಫ್ರೋಮನ್ ಎಂಬುವರು ಬ್ರಕ್ಸಿಸಂ ಎಂಬ ಪದ ಬಳಸಿದ ಮೇಲೆ ಹುಚ್ಚಿನ ಹಣೆಪಟ್ಟಿ ಕಳಚಿತು. 2018ರಲ್ಲಿ ಹಲವು ದೇಶಗಳ ತಜ್ಞರು ಕೂತು ಒಪ್ಪಿಕೊಂಡ ಮಾತು ಇನ್ನೂ ಸಮಾಧಾನದ್ದು: ಬೇರೆಲ್ಲ ರೀತಿಯಲ್ಲಿ ಆರೋಗ್ಯವಾಗಿರುವ ವ್ಯಕ್ತಿಯಲ್ಲಿ ಇದನ್ನು ರೋಗವೆಂದು ಎಣಿಸಬೇಕಾಗಿಲ್ಲ. ಇದು ದವಡೆಯ ಸ್ನಾಯುಗಳ ಒಂದು ನಡವಳಿಕೆ. ಕೆಲವರಲ್ಲಿ ಅದು ಹಾನಿ ಮಾಡುತ್ತದೆ, ಹಲವರಲ್ಲಿ ಏನೂ ಮಾಡದೆ ಇದ್ದುಬಿಡುತ್ತದೆ. ಅದೇ ತಜ್ಞರು ಎಚ್ಚರದಲ್ಲಿನ ಬ್ರಕ್ಸಿಸಂ ಬೇರೆ, ನಿದ್ರೆಯ ಬ್ರಕ್ಸಿಸಂ ಬೇರೆ ಎಂದು ವಿಂಗಡಿಸಿದರು. ಹಗಲಿನದು ಬಹುಪಾಲು ಅವುಡುಗಚ್ಚುವುದು, ರಾತ್ರಿಯದರಲ್ಲಿ ಕಡಿಯುವುದೂ ಸೇರಿರುತ್ತದೆ. ಈ ವಿಂಗಡಣೆಯನ್ನು ನೆನಪಿಡಿ. ಮುಂದೆ ಹೇಳುವ ಪರಿಹಾರಗಳೆಲ್ಲ ಇದರ ಮೇಲೆಯೇ ನಿಂತಿವೆ.

ಕೈಗೆ ಸಿಗುವ ಸ್ನಾಯು

ಎರಡೂ ಅಂಗೈಗಳನ್ನು ಕೆನ್ನೆಯ ಮೇಲೆ, ಕಿವಿಯ ಮುಂದೆ ಸ್ವಲ್ಪ ಕೆಳಗೆ ಇಟ್ಟುಕೊಳ್ಳಿ. ಹಿಂದಿನ ಹಲ್ಲುಗಳನ್ನು ಒಮ್ಮೆ ಕಚ್ಚಿ ಬಿಡಿ. ಅಂಗೈಗೆ ಉಬ್ಬಿ ಬಂದು ಇಳಿದದ್ದು ಮ್ಯಾಸೆಟರ್ ಸ್ನಾಯು. ಕೆನ್ನೆಯ ಎಲುಬಿನಿಂದ ಹೊರಟು ಕೆಳದವಡೆಯ ಮೂಲೆಗೆ ಬಂದು ಕೂಡುವ ದಪ್ಪನೆಯ ಪಟ್ಟಿ ಅದು. ಈಗ ಬೆರಳುಗಳನ್ನು ಕಪೋಲದ ಮೇಲಕ್ಕೆ, ಕಣ್ಣಿನ ಹಿಂದಿನ ಕಣತಲೆಗೆ ಒಯ್ಯಿರಿ. ಇನ್ನೊಮ್ಮೆ ಕಚ್ಚಿ. ಅಲ್ಲೂ ಏನೋ ಮಿಡುಕುತ್ತದೆ. ಅದು ಟೆಂಪೊರಾಲಿಸ್, ಬೀಸಣಿಗೆಯಂತೆ ಹರಡಿದ ಸ್ನಾಯು. ರಾತ್ರಿಯೆಲ್ಲ ಹಲ್ಲು ಕಡಿದವರಿಗೆ ಬೆಳಗ್ಗೆ ತಲೆನೋವು ಕಣತಲೆಯಲ್ಲೇ ಕೂತಿರುವುದಕ್ಕೆ ಕಾರಣ ಈ ಸ್ನಾಯುವಿನ ದಣಿವು.

ಈಗ ತೋರುಬೆರಳನ್ನು ಕಿವಿಯ ತೂತಿನ ತುಸು ಮುಂದೆ ಇಟ್ಟು ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಗುಂಡನೆಯದೊಂದು ಜಾರಿ ಮುಂದೆ ಹೋಗಿ ಮರಳುತ್ತದೆ. ಅದು ದವಡೆಯ ಕೀಲು. ಎರಡು ಎಲುಬುಗಳ ನಡುವೆ ಮೆತ್ತನೆಯ ಬಿಲ್ಲೆಯಿದೆ. ಕಿವಿಗೆ ಇಷ್ಟು ಹತ್ತಿರ ಇರುವುದರಿಂದಲೇ ಎಷ್ಟೋ ಜನ ದವಡೆಯ ನೋವನ್ನು ಕಿವಿನೋವೆಂದು ತಿಳಿದು ಮೊದಲು ಕಿವಿಯ ವೈದ್ಯರ ಬಳಿ ಹೋಗುತ್ತಾರೆ.

ಈ ಸ್ನಾಯುಗಳ ಬಲ ಸಣ್ಣದಲ್ಲ. ಆರೋಗ್ಯವಂತ ವಯಸ್ಕರು ಪೂರ್ತಿ ಬಲ ಹಾಕಿ ಕಚ್ಚಿದರೆ ದವಡೆಹಲ್ಲುಗಳ ನಡುವೆ ಸುಮಾರು 50 ಕಿಲೋ ತೂಕದಷ್ಟು ಒತ್ತಡ ಬೀಳಬಲ್ಲದು, ಒಂದು ಅಕ್ಕಿ ಮೂಟೆಯಷ್ಟು. ಮುದ್ದೆ, ಅನ್ನ, ರೊಟ್ಟಿ ತಿನ್ನಲು ಅದರ ಸಣ್ಣ ಪಾಲು ಸಾಕು. ಊಟದಲ್ಲಿ ಕಲ್ಲು ಸಿಕ್ಕರೆ ಹಲ್ಲಿನ ಬುಡದ ನರಗಳು ತಟ್ಟನೆ ಸುದ್ದಿ ಮುಟ್ಟಿಸಿ ದವಡೆಯನ್ನು ತಡೆಯುತ್ತವೆ. ನಿದ್ರೆಯಲ್ಲಿ ಆ ಕಾವಲು ಮಂದವಾಗಿರುತ್ತದೆ.

ರಾತ್ರಿ ಏನಾಗುತ್ತದೆ

ಆಗುಂಬೆ ಘಾಟಿಯಲ್ಲಿ ಬಸ್ ಓಡಿಸುವ ಚಾಲಕರೊಬ್ಬರು ಒಮ್ಮೆ ನನ್ನ ಬಳಿ ಬಂದಿದ್ದರು. ಒಂದೇ ದವಡೆಹಲ್ಲಿಗೆ ತುಂಬಿಸಿದ್ದ ಸಿಮೆಂಟು ಮೂರನೇ ಸಲ ಒಡೆದಿತ್ತು. ಜೊತೆಗೆ ಬಂದಿದ್ದ ಅವರ ಹೆಂಡತಿ ಮಾತ್ರ ಬೇರೆಯೇ ವಿಷಯ ಹೇಳಿದರು. “ರಾತ್ರಿ ಒರಳುಕಲ್ಲಿಗೆ ಮರಳು ಸಿಕ್ಕಿದ ಹಾಗೆ ಸದ್ದು ಡಾಕ್ಟ್ರೇ, ನಾನು ಎದ್ದು ಕೂತ್ರೂ ಇವ್ರಿಗೆ ಎಚ್ಚರ ಇಲ್ಲ.” ಚಾಲಕರಿಗೆ ನಂಬಿಕೆಯೇ ಬರಲಿಲ್ಲ. ತಾನು ಹಾಗೆಲ್ಲ ಮಾಡುವವನಲ್ಲ ಎಂದರು. ನಿದ್ರೆಯಲ್ಲಿ ಹಲ್ಲು ಕಡಿಯುವವರಲ್ಲಿ ಹೆಚ್ಚಿನವರು ಹೀಗೇ ಹೇಳುತ್ತಾರೆ, ಸುಳ್ಳಾಡದೆಯೇ ಹೇಳುತ್ತಾರೆ.

ಮಲಗಿದ ಮೇಲೆ ನಿದ್ರೆ ಒಂದೇ ಆಳದಲ್ಲಿ ಹರಿಯುವುದಿಲ್ಲ. ಹಗುರ ನಿದ್ರೆ, ಗಾಢ ನಿದ್ರೆ, ಕನಸಿನ ನಿದ್ರೆ ಎಂದು ಸುಮಾರು 90 ನಿಮಿಷಕ್ಕೊಂದು ಸುತ್ತು. ಹಗುರ ನಿದ್ರೆಯ ನಡುನಡುವೆ ಮೆದುಳು ಕೆಲವೇ ಸೆಕೆಂಡು ಎಚ್ಚರದ ಅಂಚಿಗೆ ಬಂದು ಮತ್ತೆ ಒಳಗೆ ಜಾರುತ್ತದೆ. ನಮಗೆ ಅದು ತಿಳಿಯುವುದಿಲ್ಲ. ಹಲ್ಲು ಕಡಿಯುವುದು ಹೆಚ್ಚಾಗಿ ಈ ಸಣ್ಣ ಎಚ್ಚರಗಳ ಹೊತ್ತಿಗೆ. ಮೊದಲು ಮೆದುಳಿನ ಅಲೆಗಳು ಚುರುಕಾಗುತ್ತವೆ, ಎದೆಬಡಿತ ಏರುತ್ತದೆ, ಆಮೇಲೆ ದವಡೆಯ ಸ್ನಾಯುಗಳು ತಾಳಕ್ಕೆ ಹಾಕಿದಂತೆ ಬಿಗಿದು ಸಡಿಲುತ್ತವೆ. ಎಷ್ಟೋ ಸಲ ಕೊನೆಯಲ್ಲಿ ಒಂದು ಗುಟುಕು ಉಗುಳು ನುಂಗಿ ಎಲ್ಲ ಶಾಂತವಾಗುತ್ತದೆ. ಹೀಗೆ ದವಡೆ ಆಡುವುದು ಹಲ್ಲು ಕಡಿಯದ ಹಲವರಲ್ಲಿಯೂ ಗಂಟೆಗೆ ಒಂದೆರಡು ಸಲ ಇದ್ದೇ ಇರುತ್ತದೆ. ಕಡಿಯುವವರಲ್ಲಿ ಅದು ಹೆಚ್ಚು ಸಲ, ಹೆಚ್ಚು ಬಲವಾಗಿ ಆಗುತ್ತದೆ, ಹಲ್ಲಿಗೆ ಹಲ್ಲು ಉಜ್ಜುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗಬೇಕು. ನಿದ್ರೆಯಲ್ಲಿ ಕಡಿಯುವವರನ್ನು ಬೈಯುವುದರಲ್ಲಿ, ತಟ್ಟಿ ಎಬ್ಬಿಸುವುದರಲ್ಲಿ ಅರ್ಥವಿಲ್ಲ. ಇಚ್ಛೆಯ ಕೈಗೆ ಸಿಗದ ಕೆಲಸ ಅದು. 1994ರಲ್ಲಿ ಕೆನಡಾದಲ್ಲಿ ಎರಡು ಸಾವಿರ ವಯಸ್ಕರನ್ನು ಕೇಳಿ ನೋಡಿದಾಗ ನೂರಕ್ಕೆ 8 ಮಂದಿ ರಾತ್ರಿ ಹಲ್ಲು ಕಡಿಯುವುದಾಗಿ ಹೇಳಿದ್ದರು. 60 ದಾಟಿದವರಲ್ಲಿ ಅದು 3ಕ್ಕೆ ಇಳಿದಿತ್ತು. ನಿಮ್ಮ ಓಣಿಯಲ್ಲಿ ನೀವೊಬ್ಬರೇ ಅಲ್ಲ ಎಂದು ತಿಳಿದರೆ ಸಾಕು.

ಹಲ್ಲು ಹೇಳುವ ಸಾಕ್ಷಿ

ಆ ಚಾಲಕರ ಹಲ್ಲಿನ ಅಚ್ಚು ತೆಗೆದು ಬಿಳಿ ಪ್ಲಾಸ್ಟರಿನ ಎರಡು ಸಾಲುಗಳನ್ನು ಮಾಡಿಸಿದೆ. ಅವರ ಕೈಗೇ ಕೊಟ್ಟು ಸಾಮಾನ್ಯವಾಗಿ ಕಚ್ಚುವ ಹಾಗೆ ಜೋಡಿಸಲು ಹೇಳಿದೆ. ಜೋಡಿಸಿದರು. ಬಲಗಡೆಯ ಮೇಲಿನ ಕೋರೆಹಲ್ಲಿನ ತುದಿ ಚಪ್ಪಟೆಯಾಗಿತ್ತು, ಕೆಳಗಿನ ಕೋರೆಹಲ್ಲಿನದೂ ಅಷ್ಟೇ, ಆದರೆ ಎರಡರ ನಡುವೆ ಅಂತರವಿತ್ತು. “ಈಗ ಕೆಳಗಿನದನ್ನು ಬಲಕ್ಕೆ ಸರಿಸಿ” ಎಂದೆ. ಸರಿಸಿದರು. ಒಂದು ಹಂತದಲ್ಲಿ ಎರಡು ಚಪ್ಪಟೆ ಮೈಗಳೂ ಬೀಗಕ್ಕೆ ಕೀಲಿ ಕೂತ ಹಾಗೆ ಕೂತುಕೊಂಡವು. ಊಟ ಮಾಡುವಾಗ ಯಾರೂ ದವಡೆಯನ್ನು ಅಷ್ಟು ದೂರ ಒಯ್ಯುವುದಿಲ್ಲ. ಆ ಜಾಗಕ್ಕೆ ಅವರ ದವಡೆ ಹೋಗಿ ಬಂದದ್ದು ರಾತ್ರಿಯಲ್ಲೇ. ಅವರು ಅಚ್ಚನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ಏನೂ ಹೇಳದೆ ತಲೆಯಾಡಿಸಿದರು.

ನಿಮ್ಮಲ್ಲಿಯೂ ಕೆಲವು ಗುರುತುಗಳನ್ನು ಕನ್ನಡಿ ಹಿಡಿದು ನೋಡಿಕೊಳ್ಳಬಹುದು. ಹಲ್ಲಿನ ಅಂಚು ಚಪ್ಪಟೆಯಾಗಿರುವುದು, ಅಲ್ಲಲ್ಲಿ ಚೂರು ಎದ್ದಿರುವುದು, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಸಾಲಿನ ಅಚ್ಚು, ಕೆನ್ನೆಯ ಒಳಮೈಯಲ್ಲಿ ಹಲ್ಲು ಕೂಡುವ ಎತ್ತರಕ್ಕೆ ಉದ್ದಕ್ಕೆ ಬಿಳಿ ಗೆರೆ, ಕೆಳದವಡೆಯ ಮೂಲೆಗಳು ದಪ್ಪಗಾಗಿ ಮುಖ ಚೌಕವಾದಂತೆ ಕಾಣುವುದು. ಅನುಭವಕ್ಕೆ ಬರುವವು ಬೇರೆ: ಬೆಳಗ್ಗೆ ಎದ್ದಾಗ ದವಡೆ ಜೋಮು ಹಿಡಿದಂತಿರುವುದು, ಕಣತಲೆ ನೋವು, ತಣ್ಣೀರು ಕುಡಿದರೆ ಹಲ್ಲು ಜುಂ ಎನ್ನುವುದು, ಆಕಳಿಸಿದರೆ ಕಿವಿಯ ಮುಂದೆ ಟಕ್ ಎನ್ನುವುದು. ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ. ನಾಲ್ಕಾರು ಒಟ್ಟಿಗೆ ಕಂಡರೆ ತೋರಿಸಿಕೊಳ್ಳಿ.

ಹಲ್ಲಿನ ಹೊರಮೈಯ ಎನಾಮಲ್ ಇಡೀ ದೇಹದಲ್ಲೇ ಗಟ್ಟಿಯಾದ ವಸ್ತು, ಎಲುಬಿಗಿಂತ ಗಟ್ಟಿ. ಆದರೆ ಮುರಿದ ಎಲುಬು ಕೂಡಿಕೊಳ್ಳುತ್ತದೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಎನಾಮಲ್ ಹೋದ ಕಡೆ ಒಳಗಿನ ಹಳದಿ ಡೆಂಟಿನ್ ಕಾಣುತ್ತದೆ. ಅದು ಮೆತ್ತಗಿರುವುದರಿಂದ ಮುಂದಿನ ಸವೆತ ಬೇಗ ಆಗುತ್ತದೆ. ಈ ಪಾಠವನ್ನು ಬೇಗ ಹೇಳಬೇಕೆಂಬ ನನ್ನ ಆತುರಕ್ಕೆ ಇದೇ ಕಾರಣ.

ಸವೆದದ್ದೆಲ್ಲ ಕಡಿದದ್ದಲ್ಲ

ನಮ್ಮ ಊರುಗಳಲ್ಲಿ ಸವೆದ ಹಲ್ಲು ಕಂಡ ಕೂಡಲೇ ಬ್ರಕ್ಸಿಸಂ ಎನ್ನುವುದು ತಪ್ಪಾದೀತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ವರ್ಷಗಟ್ಟಲೆ ಎಲೆ ಅಡಿಕೆ ಹಾಕುವವರ ದವಡೆಹಲ್ಲುಗಳು ಅಡಿಕೆಯಿಂದಲೇ ತಟ್ಟೆಯಂತೆ ಸವೆದಿರುತ್ತವೆ. ಮ್ಯಾಸೆಟರ್ ಸ್ನಾಯುವೂ ಅಗಿದು ಅಗಿದು ದಪ್ಪಗಾಗಿರುತ್ತದೆ. ಅಡಿಕೆ ಜಗಿಯುವವರಿಗೆ ಬಾಯಿ ತೆರೆಯುವುದು ಕಷ್ಟವಾಗುತ್ತ ಬಂದರೆ, ಕೆನ್ನೆಯ ಒಳಮೈ ಬಿಳಿಚಿ ಬಿರುಸಾಗಿದ್ದರೆ, ಖಾರ ಉರಿಯುತ್ತಿದ್ದರೆ ಅದು ದವಡೆ ಬಿಗಿತದ ವಿಷಯವೇ ಅಲ್ಲ. ಒಳಮೈ ನಾರುಗಟ್ಟುವ ಈ ಕಾಯಿಲೆ ಮುಂದೆ ಬಾಯಿಯ ಕ್ಯಾನ್ಸರಿಗೆ ತಿರುಗಬಲ್ಲದು. ಅಡಿಕೆಯನ್ನು ಅಂದೇ ಬಿಟ್ಟು, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಇದ್ದಿಲು, ಉಪ್ಪು, ಒರಟು ಹಲ್ಲುಪುಡಿ ಹಾಕಿ ಬಲವಾಗಿ ಉಜ್ಜಿದರೆ ಹಲ್ಲಿನ ಹೊರಮೈ, ವಸಡಿನ ಹತ್ತಿರ ಕೊರೆದಂತಾಗುತ್ತದೆ. ನಿಂಬೆ, ತಂಪು ಪಾನೀಯಗಳ ಹುಳಿ ಪದೇಪದೇ ತಾಗಿದರೆ, ಹೊಟ್ಟೆಯ ಆಮ್ಲ ಬಾಯಿಗೆ ಬರುತ್ತಿದ್ದರೆ, ಹಲ್ಲು ನುಣ್ಣಗೆ ಕರಗಿ ಮೇಲ್ಮೈಯಲ್ಲಿ ಬಟ್ಟಲಿನಂಥ ಗುಳಿಗಳು ಬೀಳುತ್ತವೆ. ಕಡಿದು ಸವೆದ ಹಲ್ಲಿನ ಗುರುತು ಮೇಲೆ ಹೇಳಿದ ಹೊಳೆಯುವ ಚಪ್ಪಟೆ ಮೈ, ಎದುರು ಸಾಲಿನಲ್ಲಿ ಅದಕ್ಕೊಂದು ಜೋಡಿ. ಒಬ್ಬರಲ್ಲೇ ಇವೆಲ್ಲ ಸೇರಿರುವುದೂ ಉಂಟು. ಹುಳಿಯಿಂದ ಮೆತ್ತಗಾದ ಹಲ್ಲನ್ನು ಕಡಿದರೆ ನಷ್ಟ ಇಮ್ಮಡಿ.

ಯಾಕೆ ಹೀಗೆ?

ಬಹಳ ಕಾಲ ದಂತವೈದ್ಯರು ಹಲ್ಲುಗಳು ಸರಿಯಾಗಿ ಕೂಡದಿರುವುದೇ ಮೂಲ ಎಂದು ನಂಬಿದ್ದರು. 1961ರಲ್ಲಿ ಅಮೆರಿಕದ ರಾಮ್‌ಫ್ಯೂರ್ಡ್ ಬರೆದ ಪ್ರಬಂಧ ಆ ನಂಬಿಕೆಗೆ ಬಲ ಕೊಟ್ಟಿತು. ಎತ್ತರದ ಹಲ್ಲುಗಳನ್ನು ಉಜ್ಜಿ ಸರಿಮಾಡಿದರೆ ಕಡಿಯುವುದು ನಿಲ್ಲುತ್ತದೆ ಎಂದು ಎಷ್ಟೋ ಬಾಯಿಗಳಲ್ಲಿ ಒಳ್ಳೆಯ ಹಲ್ಲುಗಳನ್ನೂ ಉಜ್ಜಿದ್ದಾಯಿತು. ಮುಂದಿನ ದಶಕಗಳ ಸಂಶೋಧನೆ ಅದನ್ನು ಎತ್ತಿ ಹಿಡಿಯಲಿಲ್ಲ. ಇಂದಿನ ತಿಳಿವಳಿಕೆ ಏನೆಂದರೆ ಕಡಿತದ ಅಪ್ಪಣೆ ಹೊರಡುವುದು ಮೆದುಳಿನಿಂದ. ಬ್ರಕ್ಸಿಸಂ ನಿಲ್ಲಿಸಲೆಂದು ಹಲ್ಲು ಉಜ್ಜಿಸಿಕೊಳ್ಳಬೇಡಿ. ಉಜ್ಜಿದ ಎನಾಮಲ್ ಮರಳುವುದಿಲ್ಲ.

ಆ ಅಪ್ಪಣೆಯನ್ನು ಕೆರಳಿಸುವ ಸಂಗತಿಗಳು ಹಲವು. ಆತಂಕ, ಒತ್ತಡ ಮೊದಲನೆಯವು. ಪರೀಕ್ಷೆ, ಸಾಲ, ಕೆಲಸದ ಗಡುವು, ಮನೆಯ ಚಿಂತೆ ಮುಖ್ಯವಾಗಿ ಹಗಲಿನ ಬಿಗಿತಕ್ಕೆ ಗೊಬ್ಬರ. ಬೀಡಿ, ಸಿಗರೇಟು ಸೇದುವವರಲ್ಲಿ, ಮಲಗುವ ಮುನ್ನ ಮದ್ಯ ಕುಡಿಯುವವರಲ್ಲಿ ರಾತ್ರಿಯ ಕಡಿತ ಹೆಚ್ಚು. ಕಾಫಿಯ ಕೆಫೀನ್ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಗಟ್ಟಿ ಫಿಲ್ಟರ್ ಕಾಫಿಯ ಅರ್ಧಪಾಲು ರಾತ್ರಿ 11ಕ್ಕೂ ರಕ್ತದಲ್ಲಿರುತ್ತದೆ. ಖಿನ್ನತೆಗೆ ಕೊಡುವ ಫ್ಲುವಾಕ್ಸೆಟಿನ್, ಸರ್ಟ್ರಲಿನ್‌ನಂಥ ಮಾತ್ರೆಗಳಿಂದ ಕೆಲವರಲ್ಲಿ ದವಡೆ ಬಿಗಿಯುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಅಪಾಯ. ಬರೆದುಕೊಟ್ಟ ವೈದ್ಯರಿಗೆ ಹೇಳಿ, ಪ್ರಮಾಣವನ್ನೋ ಔಷಧವನ್ನೋ ಅವರು ಬದಲಿಸಿ ನೋಡಬಹುದು. ಮನೆತನದಲ್ಲಿ ಬರುವುದೂ ಇದೆ.

ಇನ್ನೊಂದನ್ನು ತೂಕಕೊಟ್ಟು ಹೇಳಬೇಕು, ಗೊರಕೆ. ಜೋರು ಗೊರಕೆಯ ನಡುವೆ ಉಸಿರು ನಿಂತು, ಏದುಸಿರಿನೊಂದಿಗೆ ಮತ್ತೆ ಶುರುವಾಗುವುದಿದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ಅಂಥವರಲ್ಲಿ ಹಲ್ಲು ಕಡಿಯುವುದೂ ಒಟ್ಟಿಗೆ ಕಾಣುವುದು ಅಪರೂಪವಲ್ಲ. ಹಲ್ಲಿಗಿಂತ ಮೊದಲು ಉಸಿರಿನ ಪರೀಕ್ಷೆ ಆಗಬೇಕು.

ಮಕ್ಕಳು ಮತ್ತು ಜಂತುಹುಳು

ಮಗು ರಾತ್ರಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳುವಿದೆ ಎನ್ನದ ಅಜ್ಜಿ ನಮ್ಮಲ್ಲಿ ಇಲ್ಲ. ಹುಳುವಿಗೂ ಹಲ್ಲು ಕಡಿತಕ್ಕೂ ಖಚಿತವಾದ ನಂಟು ಸಂಶೋಧನೆಗಳಲ್ಲಿ ಸ್ಥಿರವಾಗಿ ಕಂಡಿಲ್ಲ. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಗುವಿಗೆ ತಪ್ಪದೆ ಕೊಡಿಸಿ, ರಕ್ತಹೀನತೆಯಿಂದ ಕಾಯಲು ಅದು ಬೇಕು. ಹಲ್ಲು ಕಡಿತ ನಿಲ್ಲಿಸುವ ಮದ್ದೆಂದು ಮಾತ್ರ ಅದನ್ನು ಪದೇಪದೇ ಕೊಡಬೇಡಿ.

ಮಕ್ಕಳಲ್ಲಿ ಹಲ್ಲು ಕಡಿಯುವುದು ದೊಡ್ಡವರಿಗಿಂತ ಹೆಚ್ಚು. ಹಾಲುಹಲ್ಲು ಉದುರಿ ಶಾಶ್ವತ ಹಲ್ಲು ಬರುತ್ತ ಹೋದಂತೆ ಬಹುತೇಕ ಮಕ್ಕಳಲ್ಲಿ ಅದು ತಾನಾಗಿ ತಗ್ಗುತ್ತದೆ. ದವಡೆ ಬೆಳೆಯುತ್ತಿರುವ ವಯಸ್ಸಾದ್ದರಿಂದ, ದೊಡ್ಡವರ ಹಲ್ಲಿಗೆ ರಾತ್ರಿ ಹಾಕುವ ಕವಚವನ್ನು ಮಕ್ಕಳಿಗೆ ಸಾಮಾನ್ಯವಾಗಿ ಹಾಕುವುದಿಲ್ಲ. ಮಗು ಬಾಯಲ್ಲಿ ಉಸಿರಾಡುತ್ತದೆಯೇ, ಗೊರಕೆ ಹೊಡೆಯುತ್ತದೆಯೇ ಎಂದು ನೋಡಿ. ಹಾಗಿದ್ದರೆ ಟಾನ್ಸಿಲ್, ಅಡಿನಾಯ್ಡ್ ಪರೀಕ್ಷೆ ಮಾಡಿಸಿ. ಮಲಗುವ ಮುಂಚಿನ ಒಂದು ಗಂಟೆ ಮೊಬೈಲ್ ದೂರವಿಟ್ಟು, ದೀಪ ಮಂದ ಮಾಡಿ, ಒಂದು ಕತೆ ಹೇಳಿ ಮಲಗಿಸಿ.

ಹಗಲಿನದನ್ನು ಬಿಡಿಸುವುದು

ಹಗಲಿನ ಬಿಗಿತ ಅಭ್ಯಾಸ. ಕಲಿತದ್ದನ್ನು ಬಿಡಬಹುದು, ಅದಕ್ಕೆ ಮೊದಲು ಅದು ಕಣ್ಣಿಗೆ ಬೀಳಬೇಕು. ಯಾವ ಹೊತ್ತಿನಲ್ಲಿ ಕಚ್ಚುತ್ತೀರಿ ಎಂದು ಒಂದು ವಾರ ಬರೀ ಗಮನಿಸಿ. ಕಂಪ್ಯೂಟರ್ ಮುಂದೆಯೇ, ಸೂಜಿಗೆ ದಾರ ಪೋಣಿಸುವಾಗಲೇ, ಟ್ರಾಫಿಕ್ಕಿನಲ್ಲೇ, ಭಾರ ಎತ್ತುವಾಗಲೇ? ಫೋನಿನಲ್ಲಿ ಗಂಟೆಗೊಮ್ಮೆ ಸಣ್ಣ ಸದ್ದು ಇಟ್ಟುಕೊಳ್ಳಿ. ಸದ್ದಾದಾಗ ಕೇಳಿಕೊಳ್ಳುವ ಪ್ರಶ್ನೆ ಒಂದೇ, ಹಲ್ಲು ಎಲ್ಲಿದೆ?

ಕಚ್ಚಿದ್ದರೆ ಬಿಡುವ ಬಗೆ ಮತ್ತೆ ವರ್ಣಮಾಲೆಯಲ್ಲಿದೆ. ಮೆಲ್ಲಗೆ ‘ನ’ ಎನ್ನಿ. ನಾಲಿಗೆಯ ತುದಿ ಮೇಲಿನ ಮುಂಬಲ್ಲುಗಳ ಹಿಂದೆ ಹೋಗಿ ಕೂರುತ್ತದೆ. ಅದನ್ನು ಅಲ್ಲೇ, ಒತ್ತದೆ, ಹಗುರವಾಗಿ ಬಿಡಿ. ಈಗ ‘ಅಮ್ಮ’ ಎನ್ನಲು ಹೊರಟು ನಡುವಿನ ‘ಮ್’ನಲ್ಲಿ ನಿಲ್ಲಿ. ತುಟಿ ಕೂಡಿದೆ, ಹಲ್ಲು ಬಿಟ್ಟಿದೆ. ಹೆಗಲು ಇಳಿಸಿ, ಮೂಗಿನಿಂದ ಒಂದು ಉಸಿರು ನಿಧಾನವಾಗಿ ಹೊರಬಿಡಿ. ಇಷ್ಟೇ. ದಿನಕ್ಕೆ ಹತ್ತಿಪ್ಪತ್ತು ಸಲ ಮಾಡಿದರೂ ಒಟ್ಟು ಐದು ನಿಮಿಷ ಆಗದು. ಮೊದಲ ವಾರ ಬೇಸರವಾಗುತ್ತದೆ, ಎಷ್ಟು ಸಲ ಬಿಡಿಸಿದರೂ ಮತ್ತೆ ಕಚ್ಚಿದ್ದು ಕಾಣುತ್ತದೆ. ಕಂಡದ್ದೇ ಗೆಲುವೆಂದು ಎಣಿಸಿ. ಕೆಲವು ವಾರಗಳಲ್ಲಿ ದವಡೆ ಹೊಸ ಜಾಗವನ್ನು ತನ್ನದು ಮಾಡಿಕೊಳ್ಳುತ್ತದೆ.

ನೋವಿದ್ದಾಗ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ ಹತ್ತು ನಿಮಿಷ ಇಟ್ಟು, ಮ್ಯಾಸೆಟರನ್ನು ಬೆರಳ ತುದಿಯಿಂದ ಸುತ್ತು ಸುತ್ತಾಗಿ ನೀವಿಕೊಳ್ಳಿ. ಕೆಲವು ದಿನ ಚಕ್ಕುಲಿ, ಕಬ್ಬು, ಚೂಯಿಂಗ್ ಗಮ್ ಬೇಡ. ಪೆನ್ನು, ಉಗುರು ಕಚ್ಚುವುದೂ ಬೇಡ.

ರಾತ್ರಿಯಿಂದ ಕಾಯುವುದು

ರಾತ್ರಿಯದನ್ನು ಇಚ್ಛೆಯಿಂದ ನಿಲ್ಲಿಸಲಾಗದು, ಹಲ್ಲನ್ನು ಅದರಿಂದ ಕಾಯಬಹುದು. ಅದಕ್ಕೆ ಇರುವುದು ನೈಟ್ ಗಾರ್ಡ್, ರಾತ್ರಿ ಕವಚ. ಹಲ್ಲಿನ ಅಳತೆ ತೆಗೆದು, ಸಾಮಾನ್ಯವಾಗಿ ಗಟ್ಟಿ ಅಕ್ರಿಲಿಕ್‌ನಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಮಾಡುತ್ತಾರೆ. ಮೇಲಿನ ಸಾಲಿಗೋ ಕೆಳಗಿನದಕ್ಕೋ ಒಂದಕ್ಕೆ ಹಾಕಿದರೆ ಸಾಕು. ಕವಚ ಕಡಿಯುವ ಅಭ್ಯಾಸವನ್ನು ವಾಸಿಮಾಡುವುದಿಲ್ಲ. ಹಲ್ಲಿನ ಬದಲು ತಾನು ಸವೆಯುತ್ತದೆ, ಒತ್ತಡವನ್ನು ಎಲ್ಲ ಹಲ್ಲುಗಳಿಗೂ ಹಂಚುತ್ತದೆ. ಅದರ ಕೆಲಸವೇ ಅಷ್ಟು, ಅದು ದೊಡ್ಡ ಕೆಲಸ.

ಕೆಲವು ಎಚ್ಚರಿಕೆಗಳು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿಕೊಳ್ಳುವ ಸಿದ್ಧ ಕವಚಗಳು ಅಗ್ಗಕ್ಕೆ ಸಿಗುತ್ತವೆ. ಮೆತ್ತನೆಯದನ್ನು ಕೆಲವರು ಇನ್ನಷ್ಟು ಅಗಿಯುತ್ತಾರೆ, ಸರಿಯಾಗಿ ಕೂರದಿದ್ದರೆ ಹಲ್ಲು ಸರಿಯಬಹುದು. ಮುಂದಿನ ನಾಲ್ಕಾರು ಹಲ್ಲಿಗೆ ಮಾತ್ರ ಹಾಕುವ ತುಂಡು ಕವಚವನ್ನು ತಿಂಗಳುಗಟ್ಟಲೆ ಧರಿಸಿದರೆ ಹಿಂದಿನ ಹಲ್ಲುಗಳು ಮೇಲೇರಿ ಬಾಯಿ ಸರಿಯಾಗಿ ಮುಚ್ಚದಂತಾದೀತು. ಸ್ಲೀಪ್ ಅಪ್ನಿಯಾ ಅನುಮಾನವಿದ್ದರೆ ಮೊದಲು ಅದನ್ನು ನೋಡಿಸಿ, ಮೇಲಿನ ಸಾಲಿನ ಕವಚದಿಂದ ಕೆಲವರಲ್ಲಿ ಉಸಿರಿನ ತೊಂದರೆ ಹೆಚ್ಚುತ್ತದೆ. ಕವಚವನ್ನು ಬೆಳಗ್ಗೆ ತಣ್ಣೀರಿನಲ್ಲಿ ಮೆದು ಬ್ರಷ್‌ನಿಂದ ತೊಳೆದು, ಗಾಳಿಯಾಡುವ ಡಬ್ಬಿಯಲ್ಲಿಡಿ. ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ. ವೈದ್ಯರಿಗೆ ತೋರಿಸಲು ಹೋಗುವಾಗ ಜೊತೆಗೆ ಒಯ್ಯಿರಿ.

ನಿದ್ರೆಯನ್ನು ಹದ ಮಾಡಿಕೊಳ್ಳುವುದು ಇದರ ಜೊತೆಯ ಕೆಲಸ. ಮಲಗುವ ಹೊತ್ತು ನಿತ್ಯ ಒಂದೇ ಇರಲಿ. ದಿನದ ಕೊನೆಯ ಕಾಫಿ ಮಧ್ಯಾಹ್ನಕ್ಕೆ ಮುಗಿಯಲಿ. ಆತಂಕ ಬಿಡದೆ ಕಾಡುತ್ತಿದ್ದರೆ ಆಪ್ತಸಮಾಲೋಚಕರನ್ನು ಕಾಣಲು ಹಿಂಜರಿಯಬೇಡಿ. ಮ್ಯಾಸೆಟರ್‌ಗೆ ಬೊಟಾಕ್ಸ್ ಚುಚ್ಚುಮದ್ದು ಕೊಡುವುದೂ ಇದೆ. ಅದರಿಂದ ಕಚ್ಚುವ ಬಲ ಮೂರು ನಾಲ್ಕು ತಿಂಗಳು ತಗ್ಗುತ್ತದೆ, ಕಡಿಯುವ ಸರದಿ ನಿಲ್ಲುವುದಿಲ್ಲ. ತೀವ್ರ ನೋವಿನಲ್ಲಿ, ಬೇರೆ ದಾರಿ ನೋಡಿಯಾದ ಮೇಲೆ, ಪಳಗಿದ ಕೈಯಿಂದ ಮಾತ್ರ. ದವಡೆ ತೆರೆಯುವಾಗ ಮಧ್ಯದಲ್ಲಿ ಸಿಕ್ಕಿಕೊಂಡರೆ, ಹಲ್ಲು ಸೀಳಿದರೆ, ಕೆಲವು ವಾರಗಳಾದರೂ ನೋವು ಇಳಿಯದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಹೊರಟುಬಿಡಿ.

ಚಾಲಕರು ಆರು ತಿಂಗಳ ಮೇಲೆ ಮತ್ತೆ ಬಂದರು. ಜೇಬಿನಿಂದ ಡಬ್ಬಿ ತೆಗೆದು, ನಾನು ಮಾಡಿಸಿಕೊಟ್ಟಿದ್ದ ಕವಚವನ್ನು ಮೇಜಿನ ಮೇಲಿಟ್ಟರು. ಗಾಜಿನಂತಿದ್ದ ಅದರ ಮೇಲ್ಮೈ ಬಲಗಡೆಯಲ್ಲಿ ಗೀರುಗೀರಾಗಿ, ಮಂಕಾಗಿ, ಒಂದು ಸಣ್ಣ ಹಳ್ಳವಾಗಿತ್ತು. ರಾತ್ರಿಯ ಕೆಲಸ ನಡೆದೇ ಇದೆ. ಆದರೆ ಹೊಸದಾಗಿ ತುಂಬಿಸಿದ ಸಿಮೆಂಟು ಒಂದು ಚೂರೂ ಎದ್ದಿರಲಿಲ್ಲ. ಬೆಳಗಿನ ತಲೆನೋವು ವಾರಕ್ಕೊಮ್ಮೆಗೆ ಇಳಿದಿತ್ತು. ಹಗಲು ಹೇಗೆ ಎಂದು ಕೇಳಿದೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮೊದಲೆಲ್ಲ ಒಂದೊಂದು ತಿರುವಿಗೂ ಸ್ಟೀರಿಂಗಿನ ಜೊತೆಗೆ ದವಡೆಯೂ ಬಿಗಿಯುತ್ತಿತ್ತಂತೆ. ಈಗ ಪ್ರತಿ ತಿರುವು ದಾಟಿದ ಮೇಲೆ ಗಾಡಿ ನೇರಕ್ಕೆ ಬರುವಾಗ ಬಾಯಿ ಮುಚ್ಚಿಕೊಂಡೇ ಒಮ್ಮೆ ‘ಮ್’ ಎನ್ನುತ್ತಾರಂತೆ. “ಹದಿನಾಲ್ಕು ಸಲ ಬಿಟ್ಟೆ ಅಂದ್ರೆ ಘಾಟಿ ಕೆಳಗಿನ ಸೋಮೇಶ್ವರ ಬಂತು ಅಂತಲೇ ಲೆಕ್ಕ” ಎಂದರು.

ನಿಮ್ಮ ದಿನದಲ್ಲೂ ಅಂಥ ತಿರುವುಗಳು ಇದ್ದೇ ಇವೆ. ಯಾವುವು ಎಂದು ಇವತ್ತೇ ಗುರುತು ಮಾಡಿಕೊಳ್ಳಿ. ಅಲ್ಲಿಗೆ ಬಂದಾಗಲೆಲ್ಲ ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ.